ಕತ್ತಲಲ್ಲಿ ಹಿಡಿದ ಕೈ ಯಾರದು? ಹಾರರ್ ಕಥೆಗಳ ಮುಚ್ಚಿಟ್ಟ ಪ್ರೀತಿಯನ್ನು ಓದುವ ಬಗೆ

ಎಲೀನರ್‌ಗೆ ಥಿಯೊಡೋರಾ ಮೇಲೆ ಇದ್ದದ್ದು ಬರೀ ಸ್ನೇಹಾನಾ, ಪ್ರೀತಿನಾ? ಅಮೆರಿಕದ ಲೇಖಕಿ ಶರ್ಲಿ ಜಾಕ್ಸನ್ 1959ರಲ್ಲಿ ಬರೆದ, ದೆವ್ವದ ಮನೆಯೊಂದರ ಕಾದಂಬರಿ 'ದಿ ಹಾಂಟಿಂಗ್ ಆಫ್ ಹಿಲ್ ಹೌಸ್' ಓದಿದವರು ಒಂದಲ್ಲ ಒಂದು ಹೊತ್ತಿಗೆ ಅದರ ಈ ಇಬ್ಬರು ಹೆಂಗಸರ ಬಗ್ಗೆ ಈ ಪ್ರಶ್ನೆಗೆ ಬಂದು ನಿಲ್ಲುತ್ತಾರೆ. ಬೆಳಗಾವಿಯಲ್ಲಿ ನಾವು ಕೆಲವರು ಗೆಳೆಯರು ಆಗಾಗ ಸೇರಿ ಪುಸ್ತಕ ಓದುತ್ತೇವೆ. ಈ ಕಾದಂಬರಿ ಹಿಡಿದಾಗಲೂ ಹಾಗೇ ಆಯ್ತು. ಒಬ್ಬಳು "ಇದು ಪ್ರೇಮಕಥೆ, ದೆವ್ವ ಬರೀ ನೆಪ" ಅಂದಳು. ಇನ್ನೊಬ್ಬ "ನಿಮಗ ಎಲ್ಲಾದರಾಗೂ ಪ್ರೀತಿನೇ ಕಾಣಸ್ತದ" ಅಂತ ನಕ್ಕ. ಮಾತು ಜೋರಾಯ್ತು, ಪುಸ್ತಕ ಮಾತ್ರ ಮೇಜಿನ ಮೇಲೆ ಮುಚ್ಚಿಕೊಂಡೇ ಬಿದ್ದಿತ್ತು. ನನಗೆ ಬೇಜಾರಾದದ್ದು ಅಲ್ಲೇ. ಇಂಥ ಪ್ರಶ್ನೆಗೆ ಉತ್ತರ ಪುಸ್ತಕದ ಒಳಗೆ ಸಿಗುತ್ತದೆ, ಹುಡುಕುವ ರೀತಿ ಗೊತ್ತಿರಬೇಕು ಅಷ್ಟೇ.

ನಾನು ಅನುಸರಿಸುವ ರೀತಿ ಸರಳ. ಪ್ರೀತಿಯನ್ನು ಕಥೆಯಿಂದ ತೆಗೆದು ನೋಡಿ. ಆ ಎರಡು ಪಾತ್ರಗಳ ನಡುವೆ ಬರೀ ಪರಿಚಯ, ಗೆಳೆತನ ಇದೆ ಅಂತ ಇಟ್ಟುಕೊಂಡು, ನಿಮ್ಮನ್ನು ಜಾಸ್ತಿ ಹೆದರಿಸಿದ ದೃಶ್ಯವನ್ನು ಮತ್ತೆ ಓದಿ. ಹೆದರಿಕೆ ಹಾಗೇ ಉಳಿದರೆ, ಆ ಪ್ರೀತಿ ನಾವು ಹೊರಗಿನಿಂದ ತಂದದ್ದು ಇರಬಹುದು. ದೃಶ್ಯ ಸಪ್ಪೆಯಾಗಿ, ಪಾತ್ರ ಯಾಕೆ ಹೀಗೆ ಮಾಡಿತು ಅಂತಲೇ ತಿಳಿಯದೆ ಹೋದರೆ, ಆ ಪ್ರೀತಿ ಮೊದಲಿನಿಂದ ಕಥೆಯ ಒಳಗೇ ಇತ್ತು ಅಂತ ಲೆಕ್ಕ. ಬೇರೆ ಬಗೆಯ ಕಥೆಗಳಲ್ಲಿ ಈ ಪರೀಕ್ಷೆ ಇಷ್ಟು ಚೆನ್ನಾಗಿ ನಡೆಯುವುದಿಲ್ಲ. ಹಾರರ್‌ನಲ್ಲಿ ನಡೆಯುತ್ತದೆ, ಯಾಕಂದ್ರೆ ಅಲ್ಲಿ ಬಯಕೆ ಮತ್ತು ಭಯ ಬಹಳ ಸಲ ಒಂದೇ ದೃಶ್ಯದಲ್ಲಿ ಬರುತ್ತವೆ.

ಮುಚ್ಚಿಡುವ ಪ್ರಮೇಯ ಯಾಕೆ ಬಂತು ಅನ್ನುವುದಕ್ಕೆ ಕಾನೂನಿನ ಉತ್ತರ ಇದೆ. ಇಂಗ್ಲೆಂಡಿನಲ್ಲಿ ಲೇಖಕ ಆಸ್ಕರ್ ವೈಲ್ಡ್‌ಗೆ 1895ರಲ್ಲಿ ಗಂಡಸರ ಜೊತೆಗಿನ ಸಂಬಂಧಕ್ಕಾಗಿ ಎರಡು ವರ್ಷ ಕಠಿಣ ಶಿಕ್ಷೆ ಆಯಿತು. ನಮ್ಮಲ್ಲಿ ಬ್ರಿಟಿಷರು 1860ರ ದಂಡ ಸಂಹಿತೆಯಲ್ಲಿ ಇಟ್ಟುಹೋದ, ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಂ, ವಯಸ್ಕರ ಒಪ್ಪಿತ ಸಂಬಂಧದ ಮಟ್ಟಿಗೆ, 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ತೆಗೆದುಹಾಕುವ ತನಕ ಉಳಿದಿತ್ತು. ಹೆಂಗಸರ ನಡುವಿನ ಪ್ರೀತಿಗೆ ಇಂಗ್ಲೆಂಡಿನಲ್ಲಿ ಅಂಥ ಕಾನೂನು ಇರಲಿಲ್ಲ, ಆದರೆ ಅದರ ಬಗ್ಗೆ ಬಾಯಿಬಿಟ್ಟು ಬರೆದರೆ ಮಾನ ಹೋಗುತ್ತಿತ್ತು. ಇಂಥ ಕಾಲದಲ್ಲಿ ಲೇಖಕರಿಗೆ ದೆವ್ವ, ಪಿಶಾಚಿ ಅನುಕೂಲಕ್ಕೆ ಬಂದವು. ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣನ್ನು ಬಯಸಿದಳು ಅಂತ ಬರೆದರೆ ಅಚ್ಚಾಗುವುದು ಕಷ್ಟ. ರಕ್ತಪಿಶಾಚಿ ಬಯಸಿತು ಅಂದರೆ ಅಚ್ಚಾಗುತ್ತದೆ. ಶೆರಿಡನ್ ಲೆ ಫಾನು 1872ರಲ್ಲೇ 'ಕಾರ್ಮಿಲ್ಲಾ' ಕಥೆಯಲ್ಲಿ ಹೀಗೆ ಮಾಡಿದ. ಕಾರ್ಮಿಲ್ಲಾ ಲಾರಾಳನ್ನು ಅಪ್ಪಿ ಮುದ್ದಿಟ್ಟು ನೀನು ನನ್ನವಳು ಅನ್ನುತ್ತಾಳೆ. ಕೊನೆಗೆ ಅವಳ ಎದೆಗೆ ಗೂಟ ಹೊಡೆದು, ತಲೆ ಕಡಿದು, ಸುಟ್ಟು ಬೂದಿ ಮಾಡುತ್ತಾರೆ. ಹೇಳಲು ಸಿಕ್ಕ ಪರವಾನಗಿಗೆ ಕಥೆ ಕೊಟ್ಟ ಬೆಲೆ ಅದು.

ಇದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ ಅಂತ ನನ್ನ ಭಾವನೆ. ಮದುವೆ ಬೇಡ ಅಂತ ಹಟ ಹಿಡಿದ ಹುಡುಗಿಗೆ "ಗಾಳಿ ಬಡದೈತಿ" ಅನ್ನುವ ಮಾತು ನಮ್ಮ ಹಳ್ಳಿಗಳಲ್ಲಿ ಕೇಳಿದವರಿದ್ದೀರಿ. ಅವಳಿಗೆ ಏನು ಬೇಕಾಗಿದೆ ಅಂತ ಕೇಳುವ ಬದಲು ಗಾಳಿ ಬಿಡಿಸುವವರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಬೆಳಗಾವಿ ಜಿಲ್ಲೆಯ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ಸೀರೆ ಉಟ್ಟು, ಕೊರಳಿಗೆ ಮುತ್ತು ಕಟ್ಟಿಸಿಕೊಂಡ ಜೋಗಪ್ಪಗಳನ್ನು ನೋಡಿದಾಗಲೂ ಜನ ಹೇಳುವುದು ದೇವಿ ಹಿಡಿದಳು ಅಂತಲೇ. (ಜೋಗಪ್ಪಗಳ ವಿಷಯ ತಮ್ಮನ್ನು ತಾವು ಹೆಣ್ಣಾಗಿ ಕಾಣುವುದರದ್ದು, ಇಬ್ಬರ ನಡುವಿನ ಪ್ರೀತಿಯ ವಿಷಯವೇ ಬೇರೆ. ಎರಡನ್ನೂ ಒಂದೇ ಮಾಡಬಾರದು.) ಊರಿನ ಲೆಕ್ಕಕ್ಕೆ ಸಿಗದ ಬಯಕೆಗೆ, ಬದುಕಿಗೆ ನಮ್ಮಲ್ಲೂ ಮೊದಲು ಸಿಗುವ ವಿವರಣೆ ಗಾಳಿ, ದೆವ್ವ, ದೇವಿ. ಹಿಲ್ ಹೌಸ್ ಕೂಡ ಅದೇ ಕೆಲಸ ಮಾಡುತ್ತದೆ.

ಈಗ ಪುಸ್ತಕಕ್ಕೆ ಬರೋಣ. ಎಲೀನರ್ ವಾನ್ಸ್‌ಗೆ 32 ವರ್ಷ. ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲಿ 11 ವರ್ಷ ಕಳೆದಿದ್ದಾಳೆ. ತಾಯಿ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲಿ, ಮಕ್ಕಳ ಕೋಣೆಯಲ್ಲಿ ಒಂದು ಮಂಚ. ಅವಳಿಗೆ 12 ವರ್ಷ ಇದ್ದಾಗ, ತಂದೆ ಸತ್ತ ಸ್ವಲ್ಪ ದಿನಕ್ಕೆ, ಅವರ ಮನೆಯ ಮೇಲೆ ಮೂರು ದಿನ ಎಲ್ಲಿಂದಲೋ ಕಲ್ಲು ಬಿದ್ದಿದ್ದವು. ಈ ಕಾರಣಕ್ಕೇ ಡಾಕ್ಟರ್ ಮಾಂಟೆಗ್ಯೂ ದೆವ್ವದ ಮನೆಯ ಅಧ್ಯಯನಕ್ಕೆ ಅವಳನ್ನು ಕರೆಯುತ್ತಾನೆ. ಥಿಯೊಡೋರಾಳನ್ನು ಕರೆಯುವುದು ಬೇರೆಯವರು ಹಿಡಿದ ಕಾರ್ಡುಗಳನ್ನು ನೋಡದೇ ಗುರುತಿಸುತ್ತಾಳೆ ಅಂತ.

ಥಿಯೊಡೋರಾ ಒಬ್ಬ ವ್ಯಕ್ತಿಯ ಜೊತೆ ಮನೆ ಹಂಚಿಕೊಂಡಿದ್ದಾಳೆ. ಆ ವ್ಯಕ್ತಿ ಹೆಣ್ಣೋ ಗಂಡೋ ಅಂತ ಇಡೀ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಹೆಸರೂ ಇಲ್ಲ. ಹೊರಡುವ ಮೊದಲು ಇಬ್ಬರಿಗೂ ಭಾರಿ ಜಗಳ ಆಗುತ್ತದೆ. ಆ ವ್ಯಕ್ತಿ ಥಿಯೊಡೋರಾಳದ್ದೇ ಒಂದು ಪುಟ್ಟ ಮೂರ್ತಿ ಕೆತ್ತಿ ಕೊಟ್ಟಿರುತ್ತದೆ, ಅದನ್ನು ಅವಳು ಒಡೆದು ಹಾಕುತ್ತಾಳೆ. ಅವಳು ಹುಟ್ಟುಹಬ್ಬಕ್ಕೆ ಕೊಟ್ಟಿದ್ದ ಪುಸ್ತಕವನ್ನು ಆ ವ್ಯಕ್ತಿ ಹರಿಯುತ್ತದೆ, ಅದರಲ್ಲೂ ಅವಳು ಪ್ರೀತಿಯಿಂದ ಕೀಟಲೆ ಮಾಡಿ ಬರೆದುಕೊಟ್ಟ ಪುಟವನ್ನು ಮುದ್ದಾಂ ಚೂರು ಚೂರು ಮಾಡುತ್ತದೆ. ಬಾಡಿಗೆ ಉಳಿಸಲು ಒಂದೇ ಮನೆಯಲ್ಲಿ ಇರುವವರು ಹೀಗೆ ಜಗಳ ಆಡುವುದಿಲ್ಲ. ಮುಂದೆ ಎಲೀನರ್ ನಿನಗೆ ಮದುವೆ ಆಗಿದೆಯಾ ಅಂತ ಕೇಳಿದಾಗ ಒಂದು ಕ್ಷಣ ಮೌನ, ಆಮೇಲೆ ಥಿಯೊಡೋರಾ ನಕ್ಕು ಇಲ್ಲ ಅನ್ನುತ್ತಾಳೆ. ಜಾಕ್ಸನ್ ಎಷ್ಟು ಲೆಕ್ಕ ಹಾಕಿ ಬರೆಯುತ್ತಾಳೆ ಅಂದರೆ, ಆ ಒಂದು ಕ್ಷಣವನ್ನು ಸುಮ್ನೆ ಅಲ್ಲಿ ಇಟ್ಟಿರುವುದಿಲ್ಲ.

ಥಿಯೊಡೋರಾಳ ಬಗ್ಗೆ ಇಷ್ಟು ಸಾಕು ಅಂತ ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಪ್ರಕಾರ ನಿಜವಾದ ಗುಟ್ಟು ಎಲೀನರ್‌ಳಲ್ಲಿದೆ. ಥಿಯೊಡೋರಾಗೆ ತಾನು ಯಾರು ಅಂತ ಗೊತ್ತು, ಬೇರೆಯವರಿಗೆ ಹೇಳುವುದಿಲ್ಲ ಅಷ್ಟೇ. ಎಲೀನರ್‌ಗೆ ತನಗೆ ಏನು ಬೇಕು ಅಂತಲೇ ಗೊತ್ತಿಲ್ಲ.

ಉಗುರಿಗೆ ಬಣ್ಣ ಹಚ್ಚುವ ದೃಶ್ಯ ನೋಡಿ. ಥಿಯೊಡೋರಾ ಎಲೀನರ್‌ಳ ಕಾಲುಗುರಿಗೆ ಕೆಂಪು ಬಣ್ಣ ಹಚ್ಚುತ್ತಾಳೆ. ಅಲ್ಲಿಯ ತನಕ ಹಾಯಾಗಿ ಕೂತಿದ್ದ ಎಲೀನರ್ ಕಣ್ಣು ಬಿಟ್ಟು ನೋಡಿ ಗಾಬರಿ ಆಗುತ್ತಾಳೆ, ಇದು ತನಗೆ ಒಪ್ಪುವುದಿಲ್ಲ, ಇದು ಕೆಟ್ಟದ್ದು ಅನ್ನುತ್ತಾಳೆ, ತಾಯಿಯ ಮಾತು ಎತ್ತುತ್ತಾಳೆ. ದೆವ್ವ ಇಲ್ಲ, ಕತ್ತಲಿಲ್ಲ, ಹಗಲು ಹೊತ್ತು, ಒಬ್ಬಳು ಇನ್ನೊಬ್ಬಳ ಪಾದ ಹಿಡಿದು ಕೂತಿದ್ದಾಳೆ, ಆದರೂ ಎಲೀನರ್ ಹೆದರುತ್ತಾಳೆ. ಸುಖ ಅನಿಸಿತು ಅನ್ನುವುದಕ್ಕೇ ಅವಳಿಗೆ ಹೆದರಿಕೆ. ಬರೀ ಗೆಳತಿಯರ ಅಲಂಕಾರ ಅಂತ ಓದಿದರೆ ಈ ಗಾಬರಿಗೆ ಕಾರಣ ಸಿಗುವುದಿಲ್ಲ.

ಇದರ ನಂತರವೇ ಥಿಯೊಡೋರಾಳ ಬಟ್ಟೆಗಳ ಮೇಲೆಲ್ಲ ಕೆಂಪು ಬಳಿದಿರುತ್ತದೆ, ಗೋಡೆಯ ಮೇಲೆ ಎಲೀನರ್‌ಳ ಹೆಸರು ಬರೆದಿರುತ್ತದೆ. ಬಟ್ಟೆ ಹಾಳಾದ ಕಾರಣ ಥಿಯೊಡೋರಾ ಎಲೀನರ್‌ಳ ಕೋಣೆಗೆ ಬರುತ್ತಾಳೆ, ಎಲೀನರ್‌ಳ ಬಟ್ಟೆ ಹಾಕಿಕೊಳ್ಳುತ್ತಾಳೆ. ಗಮನಿಸಿ, ಮನೆ ಇಲ್ಲಿ ಏನು ಮಾಡಿತು? ಎಲೀನರ್ ಬಾಯಿಬಿಟ್ಟು ಕೇಳಲಾರದ್ದನ್ನು ಮಾಡಿಕೊಟ್ಟಿತು. ಅದೇ ಹೊತ್ತಿಗೆ ಅವಳ ಮನಸ್ಸಿನಲ್ಲಿ ಸಿಟ್ಟೂ ಏರುತ್ತದೆ. ಕುರ್ಚಿಯ ಪಕ್ಕ ಕೂತ ಥಿಯೊಡೋರಾಳ ತಲೆ ನೋಡುತ್ತಾ ಇವಳನ್ನು ಕೋಲಿನಿಂದ ಹೊಡೆಯಬೇಕು, ಕಲ್ಲಿನಿಂದ ಜಜ್ಜಬೇಕು ಅಂದುಕೊಳ್ಳುತ್ತಾಳೆ. ಕಲ್ಲು! 12 ವರ್ಷದವಳಿದ್ದಾಗ ಮನೆಯ ಮೇಲೆ ಬಿದ್ದ ಕಲ್ಲುಗಳು ನೆನಪಾಗುತ್ತವೆ, ಅಲ್ವಾ? ಹಿಲ್ ಹೌಸ್‌ನ ಕಾಟ ಎಲ್ಲಿಂದ ಬರುತ್ತಿದೆ ಅನ್ನುವ ಪ್ರಶ್ನೆಗೆ ಇಡೀ ಪುಸ್ತಕದಲ್ಲಿ ಇದಕ್ಕಿಂತ ಗಟ್ಟಿ ಸುಳಿವು ನನಗೆ ಕಂಡಿಲ್ಲ.

ಆಮೇಲೆ ಆ ರಾತ್ರಿ. ಇಬ್ಬರೂ ಒಂದೇ ಕೋಣೆಯಲ್ಲಿ, ಬೇರೆ ಬೇರೆ ಮಂಚದ ಮೇಲೆ ಮಲಗಿದ್ದಾರೆ. ಗೋಡೆಯ ಆಚೆ ಯಾರೋ ಗೊಣಗುವ ಸದ್ದು, ಸಣ್ಣ ನಗು, ಮಗುವಿನ ಅಳು. ಕತ್ತಲಲ್ಲಿ ಎಲೀನರ್ ಥಿಯೊಡೋರಾಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಾಳೆ, ಬೆರಳಿನ ಮೂಳೆ ತಾಗುವಷ್ಟು ಬಿಗಿ. ಮಗುವಿಗೆ ಹಿಂಸೆ ಆಗುತ್ತಿದೆ ಅನಿಸಿ ಕೊನೆಗೆ ಕೂಗಿಬಿಡುತ್ತಾಳೆ. ದೀಪ ಹತ್ತುತ್ತದೆ. ಥಿಯೊಡೋರಾ ದೂರದ ಮಂಚದ ಮೇಲೆ ಆಗಷ್ಟೇ ಎಚ್ಚರವಾಗಿ ಎದ್ದು ಕೂತಿದ್ದಾಳೆ. ಹಾಗಾದರೆ ನಾನು ಹಿಡಿದಿದ್ದು ಯಾರ ಕೈ?

ಪರೀಕ್ಷೆಯನ್ನು ಇಲ್ಲಿ ಹಚ್ಚಿ ನೋಡಿ. ಥಿಯೊಡೋರಾ ಬರೀ ಕೋಣೆಯ ಜೊತೆಗಾತಿ ಅಂತ ಇಟ್ಟುಕೊಂಡರೂ ದೆವ್ವ ಮುಟ್ಟಿತು ಅನ್ನುವ ಹೆದರಿಕೆ ಉಳಿಯುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ಅದು ಸಾದಾ ಹೆದರಿಕೆ, ಯಾವ ದೆವ್ವದ ಕಥೆಯಲ್ಲಾದರೂ ಸಿಗುವಂಥದ್ದು. ಪ್ರೀತಿ ಸೇರಿದಾಗ ನಷ್ಟ ದೊಡ್ಡದು. ಜೀವನದಲ್ಲಿ ಮೊದಲ ಸಲ ಯಾರೋ ತನ್ನ ಕೈ ಹಿಡಿದಿದ್ದಾರೆ, ತನಗೆ ಬೇಕಾದವಳೇ ಹಿಡಿದಿದ್ದಾಳೆ ಅಂತ ಅವಳು ನಂಬಿದ್ದಳು. ಅಲ್ಲಿ ಅವಳು ಇರಲೇ ಇಲ್ಲ. ಈ ದೃಶ್ಯ ಓದಿದವರನ್ನು ಇಷ್ಟು ದಿನ ಬಿಡದೆ ಕಾಡುವುದು ಈ ಎರಡನೇ ಕಾರಣಕ್ಕೆ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಎದುರು ವಾದಗಳೂ ಇವೆ, ಅವು ಹಗುರವಾದವಲ್ಲ. ಒಂದು, ಆ ಕೈ ತಾಯಿಯದು. ತಾಯಿ ಸತ್ತ ರಾತ್ರಿ ಗೋಡೆ ಬಡಿದು ಕರೆದಳು, ತಾನು ಏಳಲಿಲ್ಲ ಅನ್ನುವ ಅಪರಾಧ ಭಾವ ಎಲೀನರ್‌ಳನ್ನು ತಿನ್ನುತ್ತಿದೆ. ಹಿಲ್ ಹೌಸ್‌ನಲ್ಲಿ ಮೊದಲ ಸಲ ಬಾಗಿಲು ಬಡಿದ ಸದ್ದು ಕೇಳಿದಾಗ ಅರೆನಿದ್ದೆಯಲ್ಲಿ ಅವಳು ತಾಯಿ ಕರೆದಳು ಅಂತಲೇ ಏಳುತ್ತಾಳೆ. ಈ ಓದು ಸರಿಯೇ. ಆದರೆ ಇದು ಪ್ರೀತಿಯ ಓದನ್ನು ಹೊಡೆದು ಹಾಕುವುದಿಲ್ಲ. ತಾಯಿಯ ಹಿಡಿತದಿಂದ ಬಿಡಿಸಿಕೊಂಡು ಯಾರನ್ನಾದರೂ ಪ್ರೀತಿಸಲು ಹೊರಟವಳ ಕೈಯನ್ನು ಮತ್ತೆ ತಾಯಿಯೇ ಹಿಡಿದಳು ಅಂದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ.

ಎರಡನೆಯದು ಲ್ಯೂಕ್. ಆ ಮನೆಯ ಮುಂದಿನ ವಾರಸುದಾರ, ತರುಣ. ಎಲೀನರ್ ದಾರಿಯುದ್ದಕ್ಕೂ ಪ್ರಯಾಣ ಮುಗಿಯುವುದು ಪ್ರೇಮಿಗಳ ಭೇಟಿಯಲ್ಲಿ ಅನ್ನುವ ಶೇಕ್ಸ್‌ಪಿಯರ್‌ನ ಸಾಲನ್ನು ಗುನುಗುತ್ತಾ ಬಂದಿರುತ್ತಾಳೆ, ಆ ಪ್ರೇಮಿ ಲ್ಯೂಕ್ ಯಾಕೆ ಆಗಬಾರದು? ಅವಳೂ ಹಾಗೆ ಅಂದುಕೊಂಡು ನೋಡುತ್ತಾಳೆ. ಅವನು ತನಗೆ ತಾಯಿ ಇರಲಿಲ್ಲ ಅಂತ ಹೇಳಿಕೊಂಡಾಗ ಅವಳಿಗೆ ಬೇಸರವೇ ಆಗುತ್ತದೆ. ಮುಂದೆ ಲ್ಯೂಕ್ ಮತ್ತು ಥಿಯೊಡೋರಾ ಜೊತೆಯಾಗಿ ತಿರುಗಲು ಶುರು ಮಾಡಿದಾಗ ಎಲೀನರ್ ಕದ್ದು ಅವರ ಮಾತು ಕೇಳುತ್ತಾಳೆ, ತನ್ನ ಹೆಸರು ಬರುತ್ತದಾ ಅಂತ. ಬರುವುದಿಲ್ಲ. ಅವಳ ಹೊಟ್ಟೆಕಿಚ್ಚು ಯಾರಿಗಾಗಿ? ಈವ್ ಸೆಡ್ಜ್‌ವಿಕ್ ಅನ್ನುವ ವಿಮರ್ಶಕಿ 1985ರ ತಮ್ಮ ಪುಸ್ತಕದಲ್ಲಿ ಇಂಥ ತ್ರಿಕೋನಗಳ ಬಗ್ಗೆ ಬರೆದಿದ್ದಾರೆ. ಒಬ್ಬ ಹೆಣ್ಣಿಗಾಗಿ ಇಬ್ಬರು ಗಂಡಸರು ಪೈಪೋಟಿ ಮಾಡುವ ಕಥೆಗಳಲ್ಲಿ ಆ ಗಂಡಸರ ನಡುವಿನ ಬಂಧವೇ ಎಷ್ಟೋ ಸಲ ಜಾಸ್ತಿ ಬಿಗಿಯಾಗಿರುತ್ತದೆ ಅಂತ ಅವರ ವಾದ. ಹೆಣ್ಣು ಗಂಡು ಅದಲುಬದಲು ಮಾಡಿ ಇಲ್ಲಿಗೆ ತಂದರೆ, ಲ್ಯೂಕ್ ನೆಪ ಆಗುತ್ತಾನೆ. ಪುಸ್ತಕದಲ್ಲಿ ಇದಕ್ಕೆ ಆಧಾರವೂ ಇದೆ: ಎಲ್ಲ ಮುಗಿದ ಮೇಲೆ ನಿನ್ನ ಜೊತೆ ಬರುತ್ತೇನೆ ಅಂತ ಎಲೀನರ್ ಹೇಳುವುದು ಲ್ಯೂಕ್‌ಗೆ ಅಲ್ಲ, ಥಿಯೊಡೋರಾಗೆ. ಕರೆಯದ ಕಡೆ ಹೋಗುವುದು ನಿನಗೆ ರೂಢಿಯಾ ಅಂತ ಥಿಯೊಡೋರಾ ಕೇಳುತ್ತಾಳೆ. ನನ್ನನ್ನು ಯಾರೂ ಎಲ್ಲಿಗೂ ಬೇಕು ಅಂದೇ ಇಲ್ಲ ಅನ್ನುತ್ತಾಳೆ ಎಲೀನರ್.

ನಮ್ಮ ಕಡೆಯ ಓದುಗರು ಒಂದು ಕಡೆ ಎಚ್ಚರ ಇಡಬೇಕು. ನಮ್ಮ ಮನೆಗಳಲ್ಲಿ ಮದುವೆ, ಜಾತ್ರೆ ಅಂದರೆ ಹೆಣ್ಣುಮಕ್ಕಳೆಲ್ಲ ಒಂದೇ ಪಡಸಾಲೆಯಲ್ಲಿ, ಒಂದೇ ಕೌದಿಯಲ್ಲಿ ಮಲಗುತ್ತೇವೆ. ಬೆಳಗಾವಿಯ ಕೋಟೆ ಕೆರೆ ದಂಡೆಯಲ್ಲಿ ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕಿಕೊಂಡು ನಡೆದರೆ ಯಾರೂ ತಿರುಗಿ ನೋಡುವುದಿಲ್ಲ. ಹೀಗಾಗಿ ಇಬ್ಬರು ಹೆಂಗಸರು ಒಂದೇ ಕೋಣೆಯಲ್ಲಿ ಮಲಗಿದರು, ಕೈ ಹಿಡಿದರು ಅನ್ನುವುದು ನಮಗೆ ಸುಳಿವು ಅಂತಲೇ ಅನಿಸುವುದಿಲ್ಲ. ಮುಟ್ಟುವುದು ತಾನಾಗಿಯೇ ಸಾಕ್ಷಿ ಆಗುವುದಿಲ್ಲ ಅನ್ನುವುದು ನಿಜ. ಆ ಕಥೆಯ ಜನ ಅದಕ್ಕೆ ಏನು ಅರ್ಥ ಕೊಡುತ್ತಾರೆ, ಆ ಪಾತ್ರ ಆ ಸ್ಪರ್ಶಕ್ಕೆ ಹೇಗೆ ಬೆಚ್ಚುತ್ತದೆ, ಅದನ್ನು ನೋಡಬೇಕು. ನಮ್ಮ ಗುಂಪಿನಲ್ಲಿ ನಕ್ಕ ಗೆಳೆಯನ ತಕರಾರು ಬಂದದ್ದು ಇಲ್ಲಿಂದಲೇ, ಅದರಲ್ಲಿ ಹುರುಳಿದೆ. ಇದೇ ಮಾತನ್ನು ತಿರುಗಿಸಿ ನೋಡಿದರೆ, ಇಷ್ಟು ಸಲೀಸಾಗಿ ಮುಟ್ಟುವ ಊರಿನಲ್ಲಿ ನಿಜವಾದ ಪ್ರೀತಿ ಎಲ್ಲರ ಕಣ್ಣೆದುರೇ ಯಾರಿಗೂ ಕಾಣದೆ ವರ್ಷಗಟ್ಟಲೆ ಇರಬಲ್ಲದು.

ಲೇಖಕಿಯೇ ಇದು ಅಂಥ ಪ್ರೀತಿ ಅಲ್ಲ ಅಂದರೆ? ಜಾಕ್ಸನ್ ವಿಷಯದಲ್ಲಿ ಇದು ನಡೆದಿದೆ. ಸಂಶೋಧಕಿ ಜೀನೆಟ್ ಫಾಸ್ಟರ್ 1956ರ ತಮ್ಮ ಅಧ್ಯಯನದಲ್ಲಿ ಜಾಕ್ಸನ್‌ರ ಹಿಂದಿನ ಕಾದಂಬರಿ 'ಹ್ಯಾಂಗ್ಸಮನ್' ಅನ್ನು ಹೆಣ್ಣು ಹೆಣ್ಣಿನ ಪ್ರೀತಿಯ ಕಥೆಗಳ ಸಾಲಿಗೆ ಸೇರಿಸಿದ್ದು ತಿಳಿದಾಗ ಜಾಕ್ಸನ್ ಬಹಳ ಸಿಟ್ಟಾಗಿದ್ದರು. ಅಂಥ ಲೇಖಕಿ ಮುಂದೆ 1959ರಲ್ಲಿ ಥಿಯೊಡೋರಾಳನ್ನು ಬರೆದರು, ಅವಳ ಜೊತೆಗಿರುವ ವ್ಯಕ್ತಿ ಹೆಣ್ಣೋ ಗಂಡೋ ತಿಳಿಯದಂತೆ ಪ್ರತಿ ವಾಕ್ಯವನ್ನೂ ಜೋಪಾನ ಮಾಡಿದರು. ಅಷ್ಟು ಜೋಪಾನ ಮಾಡಿದ್ದೇ ಅದು ಅವರ ಗಮನದಲ್ಲಿ ಇತ್ತು ಅನ್ನುವುದಕ್ಕೆ ಸಾಕ್ಷಿ. ಲೇಖಕರ ಮಾತಿಗೆ ಬೆಲೆ ಕೊಡೋಣ, ಆದರೆ ಪುಟದ ಮೇಲೆ ಇರುವುದಕ್ಕಿಂತ ಜಾಸ್ತಿ ಅಲ್ಲ.

ಸಿನಿಮಾಗಳು ಈ ಗುಟ್ಟನ್ನು ಸ್ವಲ್ಪ ಸ್ವಲ್ಪವೇ ಬಿಚ್ಚಿದವು. ಇದೇ ಕಾದಂಬರಿಯಿಂದ ರಾಬರ್ಟ್ ವೈಸ್ ಮಾಡಿದ 1963ರ ಚಿತ್ರದಲ್ಲಿ ಕ್ಲೇರ್ ಬ್ಲೂಮ್ ಮಾಡಿದ ಥಿಯೋಳನ್ನು ನೋಡಿದವರಿಗೆ ಅನುಮಾನ ಉಳಿಯುವುದಿಲ್ಲ. 2018ರ ಅಕ್ಟೋಬರ್‌ನಲ್ಲಿ, ನಮ್ಮ ಸುಪ್ರೀಂ ಕೋರ್ಟ್ ತೀರ್ಪು ಬಂದ ಮರು ತಿಂಗಳು, ಕಾದಂಬರಿಯ ಹೆಸರಿನದೇ ನೆಟ್‌ಫ್ಲಿಕ್ಸ್ ಸರಣಿ ಬಂತು. ಅದರಲ್ಲಿ ಥಿಯೋ ಬಹಿರಂಗವಾಗಿಯೇ ಹೆಣ್ಣನ್ನು ಪ್ರೀತಿಸುತ್ತಾಳೆ. ಆದರೆ ಅಲ್ಲಿ ಥಿಯೋ ಮತ್ತು ಎಲೀನರ್ ಅಕ್ಕತಂಗಿಯರು! ಒಬ್ಬಳ ಗುಟ್ಟು ಬಯಲಿಗೆ ಬಂತು, ಇಬ್ಬರ ನಡುವಿನ ಗುಟ್ಟು ಇಲ್ಲವೇ ಆಯಿತು. ಸರಣಿ ಚೆನ್ನಾಗಿದೆ, ಆದರೂ ಈ ಬದಲಾವಣೆ ನನಗೆ ಇವತ್ತಿಗೂ ಚುಚ್ಚುತ್ತದೆ.

ಇದೇ ಪರೀಕ್ಷೆಯನ್ನು ಬ್ರಾಮ್ ಸ್ಟೋಕರ್‌ನ 1897ರ ಕಾದಂಬರಿ 'ಡ್ರಾಕುಲಾ'ಗೂ ಹಚ್ಚಬಹುದು. ರಕ್ತಪಿಶಾಚಿ ಕೌಂಟ್ ಡ್ರಾಕುಲಾನ ಕೋಟೆಗೆ ಬಂದ ತರುಣ ವಕೀಲ ಜೊನಾಥನ್ ಹಾರ್ಕರ್‌ನ ಕುತ್ತಿಗೆಗೆ ಮೂವರು ಪಿಶಾಚಿ ಹೆಂಗಸರು ಬಾಯಿ ಹಾಕುವಷ್ಟರಲ್ಲಿ ಕೌಂಟ್ ಬಂದು ಅವರನ್ನು ಎಳೆದು ಬಿಸಾಡುತ್ತಾನೆ, ಈ ಮನುಷ್ಯ ನನ್ನವನು ಅಂತ ಅಬ್ಬರಿಸುತ್ತಾನೆ. ನಿನಗೆ ಪ್ರೀತಿಸಲು ಬರುವುದಿಲ್ಲ ಅಂತ ಅವರು ಹಂಗಿಸಿದಾಗ ನನಗೂ ಬರುತ್ತದೆ ಅನ್ನುತ್ತಾನೆ, ಅದೂ ಹಾರ್ಕರ್‌ನ ಮುಖ ದಿಟ್ಟಿಸಿ ನೋಡಿದ ಮೇಲೆ. ಮರುದಿನ ಹಾರ್ಕರ್ ಏಳುವುದು ತನ್ನ ಹಾಸಿಗೆಯಲ್ಲಿ. ಬಟ್ಟೆ ಬಿಚ್ಚಿ ಮಡಚಿಟ್ಟಿದೆ, ಮಡಚಿದ ರೀತಿ ತನ್ನದಲ್ಲ, ದಿನಾ ಕೀಲಿ ಕೊಡುವ ಗಡಿಯಾರಕ್ಕೆ ಕೀಲಿ ಕೊಟ್ಟಿಲ್ಲ. ಎತ್ತಿಕೊಂಡು ಬಂದು ಮಲಗಿಸಿದವನು ಕೌಂಟ್. ಬರೀ ಬೇಟೆ ಅಂತ ಓದಿದರೆ ಈ ಮಡಚಿದ ಬಟ್ಟೆ ಯಾಕೆ ಬೇಕು? ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ವೈಲ್ಡ್ ವಿಚಾರಣೆಯ ಭಯದಲ್ಲಿ ಈ ದೃಶ್ಯ ಹುಟ್ಟಿತು ಅಂತ ಹೇಳುವವರಿದ್ದಾರೆ. ಬ್ರಾಮ್ ಸ್ಟೋಕರ್‌ಗೆ ವೈಲ್ಡ್ ಚೆನ್ನಾಗಿ ಗೊತ್ತಿದ್ದವನೇ, ಸ್ಟೋಕರ್‌ನ ಹೆಂಡತಿಯನ್ನು ಅದಕ್ಕೂ ಮೊದಲು ವೈಲ್ಡ್ ಪ್ರೀತಿಸಿದ್ದ. ಆದರೆ ಈ ಮನುಷ್ಯ ನನ್ನವನು ಅನ್ನುವ ಮಾತು ಸ್ಟೋಕರ್‌ನ 1890ರ ಟಿಪ್ಪಣಿಗಳಲ್ಲೇ ಇದೆ, ವಿಚಾರಣೆಗೆ ಐದು ವರ್ಷ ಮೊದಲು. ಮುಚ್ಚಿಟ್ಟ ಪ್ರೀತಿ ಓದಬೇಕು ಅಂತ ತಾರೀಖು ತಿರುಚಿದರೆ ನಮ್ಮ ಓದೇ ಬಿದ್ದುಹೋಗುತ್ತದೆ.

'ರೆಬೆಕಾ' ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. 1938ರ ಕಾದಂಬರಿಯಲ್ಲಿ ಮನೆವಾರ್ತೆ ನೋಡಿಕೊಳ್ಳುವ ಮಿಸೆಸ್ ಡ್ಯಾನ್ವರ್ಸ್ ಸತ್ತ ಒಡತಿ ರೆಬೆಕಾಳ ರಾತ್ರಿ ಉಡುಪನ್ನು ಯಜಮಾನನ ಹೊಸ ಹೆಂಡತಿಯ ಕೈಗೆ ಕೊಟ್ಟು ಎಷ್ಟು ಮೆತ್ತಗಿದೆ ಮುಟ್ಟಿ ನೋಡು ಅನ್ನುತ್ತಾಳೆ. ಹಿಚ್‌ಕಾಕ್‌ನ 1940ರ ಸಿನಿಮಾ ತಯಾರಾಗುವಾಗ, ಅಂಥ ಸಂಬಂಧದ ಸುಳಿವು ಕೂಡ ಇರಬಾರದು ಅಂತ ಹಾಲಿವುಡ್‌ನ ಸೆನ್ಸಾರ್ ಕಚೇರಿ ಎಚ್ಚರಿಸಿತ್ತು. ಸೆನ್ಸಾರಿನವರಿಗೂ ಅದು ಕಂಡಿತ್ತು ಅಂದ ಮೇಲೆ ನಮ್ಮ ಕಲ್ಪನೆ ಅಂತ ತಳ್ಳಿಹಾಕುವುದು ಕಷ್ಟ.

ಪರೀಕ್ಷೆ ಪೂರ್ತಿ ಪಾಸಾಗದ ಕಥೆಯೂ ಇದೆ, 1886ರ 'ಜೆಕಿಲ್ ಮತ್ತು ಹೈಡ್'. ಗೌರವಸ್ಥ ವೈದ್ಯ ಜೆಕಿಲ್ ತನ್ನ ಆಸ್ತಿಯನ್ನೆಲ್ಲ ಯಾರೋ ಹೈಡ್ ಅನ್ನುವವನ ಹೆಸರಿಗೆ ಬರೆದಿದ್ದಾನೆ. ಯೌವನದ ಯಾವುದೋ ತಪ್ಪಿಗಾಗಿ ಹೈಡ್ ಇವನನ್ನು ಬ್ಲ್ಯಾಕ್‌ಮೇಲ್ ಮಾಡುತ್ತಿದ್ದಾನೆ ಅಂತ ವಕೀಲ ಅಟರ್ಸನ್‌ಗೆ ಅನುಮಾನ. ರಾತ್ರಿ ಜೆಕಿಲ್‌ನ ಹಾಸಿಗೆಯ ಪರದೆ ಸರಿಸಿ ಒಬ್ಬ ಗಂಡಸು ನಿಂತಂತೆ ಅಟರ್ಸನ್ ಕಲ್ಪಿಸಿಕೊಳ್ಳುತ್ತಾನೆ. ಪುಸ್ತಕ ಬರುವ ಹಿಂದಿನ ವರ್ಷ, 1885ರಲ್ಲಿ, ಗಂಡಸರ ನಡುವಿನ ಖಾಸಗಿ ಸಂಬಂಧವನ್ನೂ ಅಪರಾಧ ಮಾಡಿದ ಕಾನೂನು ಬಂದಿತ್ತು, ಜನ ಅದನ್ನು ಬ್ಲ್ಯಾಕ್‌ಮೇಲ್ ಮಾಡುವವರ ಸನದು ಅಂತಲೇ ಕರೆದರು. ಆಗಿನ ಓದುಗರಿಗೆ ಮೊದಲ ಅರ್ಧದ ಹೆದರಿಕೆ ಎಲ್ಲಿಂದ ಬಂದಿರಬಹುದು ಅಂತ ಊಹಿಸಬಹುದು. ಹೈಡ್ ಅಂದರೆ ಜೆಕಿಲ್ಲನೇ ಅಂತ ತಿಳಿದ ಮೇಲೆ ಮಾತ್ರ ಅನುಮಾನ ತೆಗೆದುಹಾಕಿದರೂ ಕಥೆ ಅಷ್ಟೇ ಭಯಂಕರವಾಗಿ ನಿಲ್ಲುತ್ತದೆ. ಹೀಗಾಗಿ ಅದನ್ನು ನಾನು ಮುಚ್ಚಿಟ್ಟ ಪ್ರೀತಿಯ ಕಥೆ ಅನ್ನುವುದಿಲ್ಲ, ಅಂಥ ಪ್ರೀತಿಯ ಅನುಮಾನವನ್ನು ಬಳಸಿಕೊಂಡ ಕಥೆ ಅನ್ನುತ್ತೇನೆ. ಅಟರ್ಸನ್‌ಗೆ ಜೆಕಿಲ್ ಮೇಲಿರುವ ಕಾಳಜಿಯನ್ನು ಎಲ್ಲಿಗೆ ಸೇರಿಸಬೇಕು ಅನ್ನುವುದು ಮಾತ್ರ ನಮ್ಮ ಗುಂಪಿನಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ, ಈ ಸಲ ಎಲ್ಲರೂ ಪುಸ್ತಕ ತೆರೆದಿಟ್ಟುಕೊಂಡೇ ಜಗಳ ಆಡುತ್ತಿದ್ದೇವೆ.